ಪರೀಕ್ಷಕರಿಗೇ ಸವಾಲು ಹಾಕಿದ ಮುಧೋಳದ ರನ್ನ

 

ಈ ಸಲದ ಗೋಡೆ ಪತ್ರಿಕೆಗೆ ಕಾಪಿ ಹೊಡೆಯುವುದರ ಬಗ್ಗೆ ಬರೆಯಬೇಕೆಂದು ಗುರುಗಳು ಹೇಳಿದ್ದಾರೆ. ಕಾಪಿ ಹೊಡೀಬಾರದು ಅನ್ನೋದು ಯಾರಿಗೆ ಗೊತ್ತಿಲ್ಲ? ಅದನ್ನೇ ಬರೆದರ ನೀವು ಅರ್ಧಕ್ಕ ಬಿಟ್ಟು ನೀರು ಕುಡಿಯಾಕ ಹೋಗ್ತೀರಿ. ಅದಕ್ಕಾಗಿ ನಮ್ಮ ಭಾಗದ ಒಬ್ಬ ಮಹಾಕವಿಯ ಜೀವನ ಬರೆಯುತ್ತೇನೆ. ಈತ ತನಗಿಂತ ಹಿಂದಿನ ಕವಿಯಿಂದ ತಗೊಂಡು ಬರೆದಾನ ಅನ್ನೋ ಮಾತು ಪಂಡಿತರಲ್ಲಿ ಇದೆ. ಹಂಗಾದರ ರನ್ನನೂ ಕಾಪಿ ಹೊಡೆದನೇನು? ಓದಿ ನೀವೇ ಹೇಳಿರಿ.

ರನ್ನ ಹುಟ್ಟಿದ್ದು ಕ್ರಿ. ಶ. 949ರಲ್ಲಿ, ಮುದುವೊಳಲು ಎಂಬ ಊರಲ್ಲಿ. ಅದೇ ಈಗಿನ ಮುಧೋಳ. ಬೀಳಗಿಯಿಂದ ಬಸ್ಸು ಹತ್ತಿದರ ಅದೇನು ಬಾಳ ದೂರಿಲ್ಲ. ತನ್ನ ಊರು ಜಂಬುಖಂಡಿ ನಾಡಿನೊಳಗೆ ಬರುತ್ತದೆಂದು ಅವನೇ ಬರೆದಿದ್ದಾನೆ. ಜಂಬುಖಂಡಿ ಅಂದರ ನಮ್ಮ ಜಮಖಂಡಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಗಾರರ ಮನೆತನ. ಸಂತಿ ಜಾತ್ರಿ ತಿರುಗಿ ಬಳೆ ಮಾರುವ ಮಂದಿ. ಕಾವ್ಯ, ವ್ಯಾಕರಣ ಆ ಮನೆಯ ಕಸುಬು ಅಲ್ಲವೇ ಅಲ್ಲ.

ಹುಡುಗನಿಗೆ ವಿದ್ಯೆಯ ಹಂಬಲ ಹತ್ತಿತು. ಊರು ಬಿಟ್ಟು ತೆಂಕಣದ ಗಂಗರ ನಾಡಿಗೆ ಹೋದ. ಬಸ್ಸಿಲ್ಲ, ರೈಲಿಲ್ಲ, ಬೀಳಗಿಯಿಂದ ಶ್ರವಣಬೆಳಗೊಳ ಎಲ್ಲಿ ಐತಿ ಅಂತ ನಕಾಶೆ ತೆಗೆದು ನೋಡಿರಿ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾಗಿ ಸಿಕ್ಕರು. ಗೊಮ್ಮಟೇಶ್ವರನ ಮೂರ್ತಿ ಮಾಡಿಸಿದ ಮಂತ್ರಿ ಚಾವುಂಡರಾಯ ಆಶ್ರಯ ಕೊಟ್ಟ. ಸಂಸ್ಕೃತ, ಪ್ರಾಕೃತ, ಕನ್ನಡ, ವ್ಯಾಕರಣ ಎಲ್ಲಾ ಕಲಿತ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಎಂಬ ಅವನ ಬಿರುದು ಕೊರೆದದ್ದು ಇವತ್ತಿಗೂ ಇದೆ. ಅದು ಅವನ ಸ್ವಂತ ಕೈಬರಹವೇ ಎಂದು ವಿದ್ವಾಂಸರು ಹೇಳುತ್ತಾರೆ.

ಕಲಿತಾದ ಮೇಲೆ ಚಾಲುಕ್ಯರ ಆಸ್ಥಾನಕ್ಕೆ ಬಂದ. ತೈಲಪ ಚಕ್ರವರ್ತಿ ಅವನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ. ತೈಲಪನ ಮಗ ಸತ್ಯಾಶ್ರಯನೂ ಅವನನ್ನು ಗೌರವಿಸಿದ.

ಈ ಹೊತ್ತಿನಲ್ಲೇ ಅತ್ತಿಮಬ್ಬೆಯ ಮಾತು ಬರುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಎಂದು ಪುಸ್ತಕದಲ್ಲಿ ಓದಿದ್ದೀರಿ. ಲಕ್ಕುಂಡಿಯ ದೊಡ್ಡ ಬಸದಿ ಕಟ್ಟಿಸಿದವಳು. ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಕೂಡಿ ಪೊನ್ನ ಎಂಬ ಕವಿಯಿಂದ ಶಾಂತಿಪುರಾಣ ಬರೆಸಿದ್ದರು. ಆ ಪುಸ್ತಕ ಅಳಿದು ಹೋಗಬಾರದೆಂದು ಅತ್ತಿಮಬ್ಬೆ ಅದರ ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದು ಸಾವಿರ! ಛಾಪಖಾನೆ ಇಲ್ಲ, ಝೆರಾಕ್ಸ್ ಇಲ್ಲ. ತಾಳೆಗರಿಯ ಮೇಲೆ ಕಂಠದಿಂದ ಒಂದೊಂದೇ ಅಕ್ಷರ ಕೊರೆಯಬೇಕು. ನಮಗೆ ಈ ಗೋಡೆ ಪತ್ರಿಕೆಯ ಒಂದು ಹಾಳೆ ಚಂದ ಅಕ್ಷರದಲ್ಲಿ ಬರೆಯುವುದರೊಳಗ ಕೈ ನೋಯುತ್ತದೆ. ಹಂಗ ನೋಡಿದರ ಅಷ್ಟು ದೊಡ್ಡ ಕಾಪಿ ಮಾಡಿಸಿದವರು ಕನ್ನಡ ನಾಡಿನಲ್ಲೇ ಬ್ಯಾರೆ ಯಾರೂ ಇರಲಿಕ್ಕಿಲ್ಲ. ಆದರೂ ಅವಳನ್ನು ಯಾರೂ ಕಳ್ಳಿ ಅನ್ನಲಿಲ್ಲ. ಯಾಕಂದರ ಸಾವಿರ ಪ್ರತಿಯೊಳಗೂ ಪೊನ್ನನ ಕಾವ್ಯ ಪೊನ್ನನದಾಗಿಯೇ ಉಳಿಯಿತು. ಓಲೆ ಕೊರೆದವರು ತಾವೇ ಕವಿ ಅಂತ ಹೇಳಿಕೊಳ್ಳಲಿಲ್ಲ.

ಇದೇ ಅತ್ತಿಮಬ್ಬೆಯ ಸಲುವಾಗಿ ರನ್ನ 993ರಲ್ಲಿ ಅಜಿತಪುರಾಣ ಬರೆದ. ಅವಳ ಮೇಲೆ ಅವನಿಗೆ ಎಷ್ಟು ಗೌರವ ಇತ್ತೆಂದರೆ ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟ. ಮಗನಿಗೆ ರಾಯ ಎಂದಿಟ್ಟ. ಅದು ಚಾವುಂಡರಾಯನ ನೆನಪಿಗೆ. ಉಪಕಾರ ಮಾಡಿದವರ ಹೆಸರು ಮುಚ್ಚಿಡುವ ಮನುಷ್ಯ ಅಲ್ಲ ರನ್ನ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ರನ್ನನ ದೊಡ್ಡ ಕೃತಿ ಗದಾಯುದ್ಧ. ಅದಕ್ಕೆ ಸಾಹಸಭೀಮವಿಜಯ ಎಂಬ ಹೆಸರೂ ಇದೆ. ಆದಿಕವಿ ಪಂಪ 941ರಲ್ಲಿ, ಅಂದರೆ ರನ್ನ ಹುಟ್ಟುವ ಎಂಟು ವರ್ಷ ಮೊದಲು, ವಿಕ್ರಮಾರ್ಜುನ ವಿಜಯ ಬರೆದು ಇಡೀ ಭಾರತದ ಕತೆ ಹೇಳಿದ್ದ. ಅದರ ಹದಿಮೂರನೆಯ ಆಶ್ವಾಸದಲ್ಲಿ ದುರ್ಯೋಧನ ಕೊಳದಲ್ಲಿ ಅಡಗುವುದು, ಭೀಮ ಅವನ ತೊಡೆ ಮುರಿಯುವುದು ಬರುತ್ತದೆ. ರನ್ನ ಎತ್ತಿಕೊಂಡದ್ದು ಅದನ್ನೇ. ಕೆಲವು ಕಡೆ ಮಾತಿನ ಧಾಟಿ ಕೂಡ ಪಂಪನದರ ಹಂಗ ಕೇಳುತ್ತದೆ. ಭಾಸ ಮತ್ತು ಭಟ್ಟನಾರಾಯಣರ ಸಂಸ್ಕೃತ ನಾಟಕಗಳ ಋಣವೂ ಅದರಲ್ಲಿದೆ. ಇದನ್ನು ಪಂಡಿತರು ಪದ್ಯಕ್ಕೆ ಪದ್ಯ ಇಟ್ಟು ತೋರಿಸಿದ್ದಾರೆ. ಇಲ್ಲ ಅನ್ನಾಕ ಬರಂಗಿಲ್ಲ.

ಆದರೆ ತಗೊಂಡು ಏನು ಮಾಡಿದ ಎಂಬುದನ್ನು ನೋಡಬೇಕು. ಪಂಪನಿಗೆ ಅರ್ಜುನ ನಾಯಕ. ರನ್ನ ಭೀಮನನ್ನು ನಾಯಕನನ್ನಾಗಿ ಮಾಡಿ, ಅವನನ್ನು ತನ್ನ ದೊರೆ ಸತ್ಯಾಶ್ರಯನಿಗೆ ಹೋಲಿಸಿದ. ಪಂಪನ ಒಂದು ಆಶ್ವಾಸದ ಕತೆಯನ್ನು ಹತ್ತು ಆಶ್ವಾಸಕ್ಕೆ ಬೆಳೆಸಿದ. ಇಡೀ ಭಾರತವನ್ನು ಆ ಕೊನೆಯ ದಿನದಿಂದ ಹಿಂದಿರುಗಿ ನೋಡುವಂತೆ ಮಾಡಿದ. ಸಿಂಹಾವಲೋಕನ ಕ್ರಮ ಎಂದು ಗುರುಗಳು ಹೇಳುವುದು ಇದಕ್ಕೇ. ಪಂಪ ಬೇಗ ದಾಟಿ ಹೋದ ರಣರಂಗದ ದಾರಿಯೊಳಗ ರನ್ನ ದುರ್ಯೋಧನನನ್ನು ನಿಲ್ಲಿಸಿ ನಿಲ್ಲಿಸಿ ನಡೆಸುತ್ತಾನೆ. ದ್ರೋಣನ ಹೆಣ, ಮಗ ಲಕ್ಷಣಕುಮಾರನ ಹೆಣ, ತಮ್ಮ ದುಶ್ಶಾಸನನ ಹೆಣ, ಗೆಳೆಯ ಕರ್ಣನ ಹೆಣ. ಒಂದೊಂದರ ಮುಂದೂ ಆ ಕೆಟ್ಟ ದುರ್ಯೋಧನ ಅಳುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಇಷ್ಟು ದಿನ ದುರ್ಯೋಧನ ಅಂದರ ಸಿಟ್ಟು ಬರುತ್ತಿದ್ದವರಿಗೂ ಇಲ್ಲಿ ಕರುಳು ಚುರ್ರ್ ಅನ್ನುತ್ತದೆ. ಇಂಥದ್ದು ನೋಡಿ ಬರೆದರೆ ಬರುವುದಿಲ್ಲ.

ಮತ್ತೊಂದು ಮಾತು. ರನ್ನ ಪಂಪನನ್ನು ಮುಚ್ಚಿಡಲಿಲ್ಲ. ಪಂಪ, ಪೊನ್ನ, ತಾನು ಈ ಮೂವರೂ ಕವಿಗಳಲ್ಲಿ ರತ್ನತ್ರಯ ಎಂದು ಅಜಿತಪುರಾಣದಲ್ಲಿ ಬರೆದ. ಪಂಪನೂ ವ್ಯಾಸನ ಮುಂದೆ ತನಗೆ ಗರ್ವವಿಲ್ಲವೆಂದೇ ಹೇಳಿಕೊಂಡಿದ್ದ. ಮುಂದೆ ಬಿ. ಎಂ. ಶ್ರೀಯವರು ರನ್ನನ ಪದ್ಯಗಳನ್ನೇ ಹೊಂದಿಸಿ ಗದಾಯುದ್ಧ ನಾಟಕಂ ಮಾಡಿದಾಗಲೂ ಅದು ರನ್ನನದೆಂದು ಎಲ್ಲರಿಗೂ ಗೊತ್ತಿತ್ತು. ಕೃತಿಚೌರ್ಯ ಅಂತ ಒಂದು ಶಬ್ದ ಇದೆ. ನನ್ನ ತಿಳುವಳಿಕೆಯಲ್ಲಿ ಅದು ಇವರಿಗೆ ಹತ್ತುವುದಿಲ್ಲ. ಅದು ಹತ್ತುವುದು ಗೈಡಿನ ಪ್ರಬಂಧ ಇಳಿಸಿ ಕೆಳಗೆ ತನ್ನ ಹೆಸರು ಬರೆಯುವವನಿಗೆ. ಗೈಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೆ ಅದೇ ತಪ್ಪು ಇಪ್ಪತ್ತು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರುತ್ತದೆ. ಅದನ್ನು ತಿದ್ದುವ ಅಕ್ಕೋರಿಗೆ ನಗಬೇಕೋ ಅಳಬೇಕೋ ತಿಳಿಯದು.

ರನ್ನನಿಗೆ ಸೊಕ್ಕು ಇತ್ತು, ಅದನ್ನೂ ಹೇಳಬೇಕು. ಸರ್ಪರಾಜನ ಹೆಡೆಯ ಮೇಲಿನ ರತ್ನವನ್ನು, ರನ್ನನ ಕಾವ್ಯವನ್ನು ಪರೀಕ್ಷೆ ಮಾಡುತ್ತೇನೆಂದು ಬರುವವನಿಗೆ ಎಂಟು ಎದೆ ಇರಬೇಕೆಂಬ ಅರ್ಥದಲ್ಲಿ ಪರೀಕ್ಷಕರಿಗೇ ಸವಾಲು ಹಾಕಿದ. ಬಳೆಗಾರರ ಮಗ, ರಾಜಸಭೆಯ ಪಂಡಿತರ ಎದುರು! ನನಗೆ ಅವನ ಈ ಸೊಕ್ಕು ಬಾಳ ಸೇರಿತು. ಒಂದೊಂದು ಅಕ್ಷರವೂ ತನ್ನ ತಲೆಯಿಂದ ದಾಟಿ ಬಂದದ್ದೆಂದು ಗೊತ್ತಿದ್ದವನೇ ಹಂಗ ಹೇಳಬಲ್ಲ. ಚೀಟಿ ಇಟ್ಟುಕೊಂಡವನು ಸ್ಕ್ವಾಡ್ ಬಂತು ಅಂದ ಕೂಡಲೇ ಬೆವರುತ್ತಾನೆ, ಕೊಳದ ನೀರಿನೊಳಗ ಕುಂತರೂ ಬೆವತ ರನ್ನನ ದುರ್ಯೋಧನನ ಹಂಗ. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ರಾಜ್ಯದ ಫಲಿತಾಂಶ ಶೇ. 83.89 ಇದ್ದದ್ದು ಆ ವರ್ಷ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಕ್ಯಾಮೆರಾ ಒಂದೇ ಕಾರಣ ಅಂತ ಹೇಳಾಕ ಆಗಂಗಿಲ್ಲ. ಆದರೂ ಲೆಕ್ಕ ನೋಡಿ ಮನಸ್ಸಿಗೆ ಕೆಡುಕೆನಿಸಿತು.

ರನ್ನ ಇನ್ನೂ ಎರಡು ಕಾವ್ಯ ಬರೆದಿದ್ದ. ಪರಶುರಾಮಚರಿತ, ಚಕ್ರೇಶ್ವರಚರಿತ. ಹೆಸರು ಮಾತ್ರ ಗೊತ್ತು, ಓಲೆ ಎಲ್ಲೂ ಸಿಕ್ಕಿಲ್ಲ. ಅತ್ತಿಮಬ್ಬೆಯಂಥವರು ಯಾರಾದರೂ ಅವನ್ನು ಸಾವಿರ ಬ್ಯಾಡ, ಹತ್ತು ಕಾಪಿ ಮಾಡಿಸಿದ್ದರೂ ಇವತ್ತು ನಮ್ಮ ಶಾಲೆಯ ಕಪಾಟಿನೊಳಗ ಇರುತ್ತಿದ್ದವೋ ಏನೋ.