ಮೂಸೀ ನದಿಯ ಪ್ರವಾಹವೂ ಸರ್ ಎಂ. ವಿಶ್ವೇಶ್ವರಯ್ಯನವರೂ

ರುದ್ರಪಟ್ಟಣ, ರಾಮನಾಥಪುರ ಮೊದಲಾದ ಕಾವೇರೀತೀರದ ಊರುಗಳಲ್ಲಿಯೂ ಹೇಮಾವತಿಯ ದಡದ ಹೊಳೆನರಸೀಪುರದಲ್ಲಿಯೂ ವಾಸಿಸುವ ನಮ್ಮ ವಾಚಕರಿಗೆ ಆಷಾಢದ ಹೊಳೆ ಎಂಥದೆಂದು ಹೇಳಬೇಕಾದದ್ದಿಲ್ಲ. ರಾತ್ರಿ ಮಲಗುವಾಗ ಕೆಳಗಿನ ಮೆಟ್ಟಲಲ್ಲಿದ್ದ ನೀರು ಬೆಳಗಾಗುವಷ್ಟರಲ್ಲಿ ಮೇಲಕ್ಕೆ ಬಂದಿರುವದುಂಟು. ಆದರೆ ದೊಡ್ಡ ಪಟ್ಟಣದ ನಡುವೆ ಹರಿಯುವ ಹೊಳೆಯು ಒಂದೇ ದಿನದಲ್ಲಿ ಸಾವಿರಾರು ಮನೆಗಳನ್ನು ಕೊಚ್ಚಿಕೊಂಡು ಹೋದರೆ, ಬದುಕಿ ಉಳಿದವರು ಅದೇ ದಡದಲ್ಲಿ ಯಾವ ಧೈರ್ಯದಿಂದ ಮತ್ತೆ ಮನೆ ಕಟ್ಟಿಯಾರು? ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು.

ಇವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ವ್ಯಾಸಂಗವನ್ನು ಸಾಗಿಸಿದರು. 1881ರಲ್ಲಿ ಬಿ. ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಸರಕಾರದ ಕೆಲಸಕ್ಕೆ ಸೇರಿದರು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಕಟ್ಟೆಗೆ, ನೀರು ಹೆಚ್ಚಿದಾಗ ತಾವಾಗಿಯೇ ತೆರೆಯುವ ಬಾಗಿಲುಗಳನ್ನು ಹಾಕಿಸಿದವರು ಇವರೇ. 1908ರಲ್ಲಿ ಆ ಉದ್ಯೋಗವನ್ನು ಬಿಟ್ಟು ಪರದೇಶಗಳ ಪ್ರವಾಸಕ್ಕೆ ಹೊರಟರು.

ಅದೇ ವರುಷದ ಸೆಪ್ಟೆಂಬರ್ 28ರಂದು ಹೈದರಾಬಾದಿಗೆ ಆ ಘೋರ ವಿಪತ್ತು ಬಂದಿತು. ಪಟ್ಟಣದ ಮೇಲುಗಡೆಯ ಶಂಷಾಬಾದಿನಲ್ಲಿ ಒಂದು ಹಗಲು ರಾತ್ರಿಯೊಳಗೆ ಹನ್ನೆರಡು ಅಂಗುಲಕ್ಕಿಂತ ಹೆಚ್ಚು ಮಳೆ ಸುರಿಯಿತು. ಮೂಸೀ ನದಿಯು ದಡ ಮೀರಿ ಬೀದಿಗಳಲ್ಲಿ ನುಗ್ಗಿ, ಸೇತುವೆಗಳನ್ನು ಮುರಿದು, ಸುಮಾರು 19,000 ಮನೆಗಳನ್ನು ಕೆಡವಿತು. 80,000 ಜನರು ನೆಲೆಯಿಲ್ಲದವರಾದರು. ಸತ್ತವರು 15,000 ಮಂದಿ ಎಂದು ಹೇಳುವದುಂಟು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿದ್ದ ಒಂದು ಹುಣಸೇಮರವನ್ನು ಹತ್ತಿ ಸುಮಾರು ನೂರೈವತ್ತು ಮಂದಿ ಪ್ರಾಣ ಉಳಿಸಿಕೊಂಡರು. ತಮ್ಮವರು ಕಣ್ಣೆದುರಿಗೆ ತೇಲಿಹೋಗುವದನ್ನು ಕೊಂಬೆಯ ಮೇಲಿಂದ ಕಂಡವರ ಸಂಕಟವನ್ನು ಯಾವ ಲೆಕ್ಕವೂ ತಿಳಿಸಲಾರದು.

ಯೂರೋಪಿನಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ ಸರಕಾರದಿಂದ ಕರೆ ಹೋಯಿತು. ಅವರು 1909ರ ಏಪ್ರಿಲಿನಲ್ಲಿ ಬಂದು, ಪಟ್ಟಣವನ್ನು ಮಾತ್ರವಲ್ಲದೆ ಹೊಳೆಗೆ ನೀರು ಬಂದು ಸೇರುವ ಸೀಮೆಯನ್ನೆಲ್ಲಾ ಅಳೆಯಿಸಿದರು. ಆಗ ಒಂದು ಸಂಗತಿ ತಿಳಿದುಬಂತು. ನಮ್ಮ ಹಳ್ಳಿಯವರಿಗೆ ಇದು ಸುಲಭವಾಗಿ ಅರ್ಥವಾದೀತು. ಪಟ್ಟಣದ ಮೇಲುಗಡೆಯ 862 ಚದರ ಮೈಲಿಗಳಲ್ಲಿ 788 ಕೆರೆಗಳಿದ್ದವು, ಅಂದರೆ ಹೆಚ್ಚುಕಡಿಮೆ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಅದರ ನೀರೆಲ್ಲಾ ಕೆಳಗಿನ ಕೆರೆಗೆ ಬೀಳುವದು. ಆ ಏರಿಯೂ ತಾಳಲಾರದೆ ಹೋದರೆ ಎರಡರ ನೀರೂ ಮೂರನೆಯದರ ಮೇಲೆ. ಮುಗಿಲಿನಿಂದ ಬಿದ್ದ ಮಳೆಯೊಂದೇ ಪಟ್ಟಣವನ್ನು ಮುಳುಗಿಸಲಿಲ್ಲ.

ಅಂಥ ಮಳೆ ಇನ್ನೊಮ್ಮೆ ಬಾರದೆಂದು ನಂಬಿ ಸುಮ್ಮನಿರುವವರು ಇವರಲ್ಲ. ಮೂಸಿಗೂ ಅದರ ಉಪನದಿಯಾದ ಈಸಿಗೂ ಪಟ್ಟಣದ ಮೇಲೆ ಒಂದೊಂದು ದೊಡ್ಡ ಜಲಾಶಯವನ್ನು ಕಟ್ಟಬೇಕು. ಪ್ರವಾಹದ ನೀರಿಗಾಗಿ ಅವುಗಳಲ್ಲಿ ಸ್ಥಳ ಬಿಟ್ಟಿದ್ದು, ಹೊಳೆ ಹೊರುವಷ್ಟನ್ನು ಮಾತ್ರ ಮೆಲ್ಲನೆ ಬಿಡಬೇಕು. ಊರೊಳಗಿನ ದಡಗಳನ್ನು ಎತ್ತರಿಸಿ ಅಂಚಿನಲ್ಲಿ ಉದ್ಯಾನಗಳನ್ನು ಮಾಡಬೇಕು. ಕೊಳಚೆನೀರಿಗೆ ಬೇರೆ ದಾರಿ ಬೇಕು. ಇವನ್ನೆಲ್ಲಾ ಅದೇ ವರುಷದ ಅಕ್ಟೋಬರದಲ್ಲಿ ಬರೆದುಕೊಟ್ಟರು. ಕಾಗದದ ಮೇಲೆ ಬರೆದದ್ದು ನೆಲದ ಮೇಲೆ ಬರಲು ವರುಷಗಳು ಹಿಡಿದವು. ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಮುಗಿದವು.

ಅಷ್ಟರೊಳಗೆ ಅವರು ಮೈಸೂರಿಗೆ ಬಂದು, 1909ರ ನವೆಂಬರಿನಲ್ಲಿ ಮುಖ್ಯ ಇಂಜಿನಿಯರರಾಗಿ, 1912ರಿಂದ 1918ರ ವರೆಗೆ ದಿವಾನರಾಗಿದ್ದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. ರುದ್ರಪಟ್ಟಣದ ಮುಂದೆ ಹರಿದುಹೋಗುವ ಕಾವೇರಿಯೂ ಹೊಳೆನರಸೀಪುರದ ಹೇಮಾವತಿಯೂ ಆ ಕಟ್ಟೆಯ ನೀರನ್ನೇ ಹೋಗಿ ಸೇರುವವು. ಹೈದರಾಬಾದನ್ನೂ ಅವರು ಮರೆಯಲಿಲ್ಲ; ಚರಂಡಿಯ ಕೆಲಸಗಳಿಗೆ ಸಲಹೆ ಕೊಡುವದಕ್ಕಾಗಿ ಮತ್ತೆ ಅಲ್ಲಿಗೆ ಹೋದರು. 1955ರಲ್ಲಿ ಭಾರತರತ್ನ ಪದವಿಯನ್ನು ಹೊಂದಿ, ನೂರು ವರುಷ ದಾಟಿದ ಮೇಲೆ 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಎರಡು ಜಲಾಶಯಗಳೂ ಈಗಲೂ ನಿಂತಿವೆ. ಆದರೆ ಪಟ್ಟಣವು ಬೆಳೆಯುತ್ತಾ ಹಳೆಯ ಕೆರೆಗಳ ಅಂಗಳದಲ್ಲಿಯೂ ಕಾಲುವೆಗಳ ಮೇಲೂ ಮನೆಗಳೆದ್ದವು. 2020ರ ಅಕ್ಟೋಬರದಲ್ಲಿ ಹೈದರಾಬಾದಿನಲ್ಲಿ ಪುನಃ ಅತಿವೃಷ್ಟಿಯಾದಾಗ ಇಂಥ ಕೆರೆಗಳ ಏರಿಗಳು ಒಡೆದು, ನೀರು ರಾತ್ರಿಯಲ್ಲಿ ಬಡಾವಣೆಗಳ ಮೇಲೆ ಹರಿಯಿತು.