ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್

ಫ್ಲಾರೆನ್ಸ್ ಡೆಲೊರೆಜ್ ಗ್ರಿಫಿತ್ ಜಾಯ್ನರ್ (21 ಡಿಸೆಂಬರ್ 1959 – 21 ಸೆಪ್ಟೆಂಬರ್ 1998) ಅಮೆರಿಕ ಸಂಯುಕ್ತ ಸಂಸ್ಥಾನದ ಅಲ್ಪದೂರದ ಓಟಗಾರ್ತಿ. 'ಫ್ಲೋ-ಜೋ' ಎಂಬ ಹೆಸರಿನಿಂದ ಅವರು ಜಗತ್ತಿಗೆಲ್ಲ ಪರಿಚಿತರು. ಮಹಿಳೆಯರ 100 ಮೀಟರ್ ಓಟದ 10.49 ಸೆಕೆಂಡು ಹಾಗೂ 200 ಮೀಟರ್ ಓಟದ 21.34 ಸೆಕೆಂಡುಗಳ ವಿಶ್ವದಾಖಲೆಗಳು ಇಂದಿಗೂ ಅವರ ಹೆಸರಿನಲ್ಲಿಯೇ ಇವೆ. ಎರಡೂ ದಾಖಲೆಗಳು 1988ರಲ್ಲಿ, ಮೂರು ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ ಸ್ಥಾಪಿತವಾದವು. ಅದೇ ವರ್ಷದ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಅವರು ಮೂರು ಚಿನ್ನ ಮತ್ತು ಒಂದು ಬೆಳ್ಳಿ ಪದಕ ಗೆದ್ದರು. ಉದ್ದೀಪನ ಮದ್ದಿನ ಯಾವ ಪರೀಕ್ಷೆಯಲ್ಲಿಯೂ ಅವರು ಸಿಕ್ಕಿಬೀಳಲಿಲ್ಲ. ಆದರೂ ಮದ್ದಿನ ನೆರವಿನಿಂದ ಓಡಿದರೆಂಬ ಸಂಶಯ ಅವರನ್ನು ಬದುಕಿನುದ್ದಕ್ಕೂ, ಸಾವಿನ ನಂತರವೂ ಹಿಂಬಾಲಿಸಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫ್ಲಾರೆನ್ಸ್ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ನಗರದಲ್ಲಿ ಜನಿಸಿದರು. ಹನ್ನೊಂದು ಮಕ್ಕಳಲ್ಲಿ ಅವರು ಏಳನೆಯವರು. ತಂದೆ ರಾಬರ್ಟ್ ವಿದ್ಯುತ್ ಕೆಲಸದವರು. ತಾಯಿಯ ಹೆಸರೂ ಫ್ಲಾರೆನ್ಸ್ ಎಂದೇ, ಅವರು ಹೊಲಿಗೆಯಿಂದ ಸಂಸಾರ ತೂಗಿಸುತ್ತಿದ್ದರು. ತಾಯಿಗೂ ಮಗಳಿಗೂ ಒಂದೇ ಹೆಸರಾದ್ದರಿಂದ ಮನೆಯಲ್ಲಿ ಮಗಳನ್ನು 'ಡೀ ಡೀ' ಎಂದು ಕರೆಯುತ್ತಿದ್ದರು. ತಂದೆತಾಯಿ ಬೇರ್ಪಟ್ಟ ನಂತರ ತಾಯಿ ಮಕ್ಕಳೊಂದಿಗೆ ವಾಟ್ಸ್ ಪ್ರದೇಶದ ಜಾರ್ಡನ್ ಡೌನ್ಸ್ ಎಂಬ ಸರ್ಕಾರಿ ವಸತಿ ಸಮುಚ್ಚಯಕ್ಕೆ ಬಂದು ನೆಲೆಸಿದರು. ಬಡತನವೂ ಅಪರಾಧವೂ ಹೆಚ್ಚಾಗಿದ್ದ ಪ್ರದೇಶ ಅದು. ಮೊಹಾವೆ ಮರುಭೂಮಿಯ ಕಡೆ ವಾಸಿಸುತ್ತಿದ್ದ ತಂದೆಯನ್ನು ಕಾಣಲು ಹೋದಾಗ ಬಾಲಕಿ ಫ್ಲಾರೆನ್ಸ್ ಅಲ್ಲಿನ ಕಾಡುಮೊಲಗಳನ್ನು ಬೆನ್ನಟ್ಟಿ ಓಡುತ್ತಿದ್ದರೆಂಬುದು ಅವರ ಜೀವನ ಬರೆದವರೆಲ್ಲ ತಪ್ಪದೆ ಹೇಳುವ ಸಂಗತಿ. 14ನೆಯ ವಯಸ್ಸಿನಲ್ಲಿ ಅವರು ಜೆಸ್ಸಿ ಓವೆನ್ಸ್ ರಾಷ್ಟ್ರೀಯ ಯುವಜನ ಕ್ರೀಡಾಕೂಟದಲ್ಲಿ ಗೆದ್ದರು. 1978ರಲ್ಲಿ ಜಾರ್ಡನ್ ಪ್ರೌಢಶಾಲೆಯಿಂದ ಹೊರಬರುವ ವೇಳೆಗೆ ಓಟ ಮತ್ತು ಉದ್ದಜಿಗಿತದಲ್ಲಿ ಶಾಲೆಯ ದಾಖಲೆಗಳು ಅವರ ಹೆಸರಿಗೆ ಬಂದಿದ್ದವು.

ನಾರ್ತ್‌ರಿಡ್ಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯವನ್ನು ಸೇರಿದ ಅವರಿಗೆ ತರಬೇತುದಾರರಾಗಿ ಬಾಬ್ ಕರ್ಸಿ ದೊರೆತರು. ಆದರೆ ಒಂದು ವರ್ಷ ಕಳೆಯುವಷ್ಟರಲ್ಲಿ ಮನೆಯ ಹಣಕಾಸಿನ ಸ್ಥಿತಿಯಿಂದಾಗಿ ಓದು ನಿಲ್ಲಿಸಿ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಬೇಕಾಯಿತು. ಕರ್ಸಿಯವರೇ ಆರ್ಥಿಕ ಸಹಾಯ ಹುಡುಕಿಕೊಟ್ಟು ಅವರನ್ನು ಮರಳಿ ಕಾಲೇಜಿಗೆ ಕರೆತಂದರು. 1980ರಲ್ಲಿ ಕರ್ಸಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಫ್ಲಾರೆನ್ಸ್ ಕೂಡ ಅಲ್ಲಿಗೆ ಸೇರಿಕೊಂಡರು. 1982ರಲ್ಲಿ 200 ಮೀಟರ್ ಮತ್ತು 1983ರಲ್ಲಿ 400 ಮೀಟರ್ ಓಟದಲ್ಲಿ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆದರು. 1983ರಲ್ಲಿ ಮನಶ್ಶಾಸ್ತ್ರದಲ್ಲಿ ಪದವಿ ಪಡೆದರು.

ಎರಡನೆಯ ಸ್ಥಾನದ ವರ್ಷಗಳು

1980ರ ಒಲಿಂಪಿಕ್ಸ್ ಆಯ್ಕೆ ಸ್ಪರ್ಧೆಯ 200 ಮೀಟರ್ ಓಟದಲ್ಲಿ ಅವರು ನಾಲ್ಕನೆಯವರಾದರು. ಮಾಸ್ಕೋ ಕ್ರೀಡಾಕೂಟವನ್ನು ಅಮೆರಿಕ ಬಹಿಷ್ಕರಿಸಿದ್ದರಿಂದ ಮೊದಲ ಮೂವರಿಗೂ ಹೋಗುವ ಅವಕಾಶವಿರಲಿಲ್ಲ. ತವರು ನಗರದಲ್ಲಿಯೇ ನಡೆದ 1984ರ ಒಲಿಂಪಿಕ್ಸ್‌ನಲ್ಲಿ ಅದೇ ಓಟದಲ್ಲಿ ಬೆಳ್ಳಿ ಪದಕ ದೊರೆಯಿತು. ಚಿನ್ನ ಗೆದ್ದವರು ಅವರ ಹಳೆಯ ಸಹಪಾಠಿ ವೆಲೆರಿ ಬ್ರಿಸ್ಕೊ-ಹುಕ್ಸ್. ಆ ಕೂಟದಲ್ಲಿ ಪತ್ರಿಕೆಗಳು ಅವರ ಓಟಕ್ಕಿಂತ ಹೆಚ್ಚಾಗಿ ಬಣ್ಣ ಹಚ್ಚಿದ ನೀಳ ಉಗುರುಗಳನ್ನು ಗಮನಿಸಿದವು.

ನಂತರದ ಎರಡು ವರ್ಷ ಅವರು ಓಟದಿಂದ ಬಹುಮಟ್ಟಿಗೆ ದೂರವಿದ್ದರು. ಬ್ಯಾಂಕಿನಲ್ಲಿ ದುಡಿಯುತ್ತಾ, ಬಿಡುವಿನ ವೇಳೆಯಲ್ಲಿ ಕೇಶಾಲಂಕಾರ ಮತ್ತು ಉಗುರು ಅಲಂಕಾರದ ಕೆಲಸ ಮಾಡುತ್ತಾ ಕಾಲ ಕಳೆದರು. 1987ರಲ್ಲಿ ಗಂಭೀರವಾಗಿ ಅಭ್ಯಾಸಕ್ಕೆ ಮರಳಿ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 200 ಮೀಟರ್ ಓಟವನ್ನು 21.96 ಸೆಕೆಂಡುಗಳಲ್ಲಿ ಮುಗಿಸಿದರು. ಅಲ್ಲಿಯೂ ಬೆಳ್ಳಿಯೇ, ಮುಂದಿದ್ದವರು ಪೂರ್ವ ಜರ್ಮನಿಯ ಸಿಲ್ಕೆ ಗ್ಲಾಡಿಷ್. 4×100 ಮೀಟರ್ ರಿಲೇಯಲ್ಲಿ ಚಿನ್ನ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು 1984ರ ತ್ರಿವಿಧ ಜಿಗಿತದ ಒಲಿಂಪಿಕ್ ಚಾಂಪಿಯನ್ ಆಲ್ ಜಾಯ್ನರ್ ಅವರನ್ನು ವಿವಾಹವಾದರು. ಆಲ್ ಅವರ ತಂಗಿ, ಹೆಪ್ಟಾಥ್ಲಾನ್ ಸ್ಪರ್ಧೆಯ ದಿಗ್ಗಜೆ ಜಾಕಿ ಜಾಯ್ನರ್-ಕರ್ಸಿ. ಜಾಕಿಯವರ ಪತಿ ಬಾಬ್ ಕರ್ಸಿ. ಹೀಗೆ ತರಬೇತುದಾರರೂ ನೆಂಟರಾದರು.

1987ರ ಕೊನೆಗೆ ಫ್ಲಾರೆನ್ಸ್ ಅವರಿಗೆ 28 ವರ್ಷ. 100 ಮೀಟರ್‌ನಲ್ಲಿ ಅವರ ಅತ್ಯುತ್ತಮ ವೇಳೆ 10.96 ಸೆಕೆಂಡು. ವಿಶ್ವದ ಉತ್ತಮ ಓಟಗಾರ್ತಿಯರಲ್ಲಿ ಒಬ್ಬರು ನಿಜ, ಆದರೆ ದಾಖಲೆ ಮುರಿಯುವವರೆಂದು ಯಾರೂ ನಿರೀಕ್ಷಿಸುವಂತಿರಲಿಲ್ಲ. ಮುಂದಿನದನ್ನು ಅರಿಯಲು ಈ ಸಂಖ್ಯೆಗಳನ್ನು ನೆನಪಿನಲ್ಲಿಡುವುದು ಅಗತ್ಯ.

ಇಂಡಿಯಾನಾಪೊಲಿಸ್, 16 ಜುಲೈ 1988

ಅಮೆರಿಕದ ಒಲಿಂಪಿಕ್ಸ್ ಆಯ್ಕೆ ಸ್ಪರ್ಧೆ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆಯಿತು. ಒಂದೇ ಕಾಲನ್ನು ಮುಚ್ಚುವ, ತಾವೇ ರೂಪಿಸಿದ ಉಡುಪು ಧರಿಸಿ ಫ್ಲಾರೆನ್ಸ್ 100 ಮೀಟರ್ ಕ್ವಾರ್ಟರ್‌ಫೈನಲ್ ಓಡಿದರು. ಗಡಿಯಾರ ತೋರಿಸಿದ ವೇಳೆ 10.49 ಸೆಕೆಂಡು. ಅಲ್ಲಿಯವರೆಗಿನ ವಿಶ್ವದಾಖಲೆ, 1984ರಲ್ಲಿ ಈವ್ಲಿನ್ ಆ್ಯಷ್‌ಫರ್ಡ್ ಓಡಿದ 10.76. ವಿದ್ಯುನ್ಮಾನ ಗಡಿಯಾರದ ಲೆಕ್ಕದಲ್ಲಿ 1977ರಲ್ಲಿ 10.88 ಇದ್ದ ದಾಖಲೆ 10.76ಕ್ಕೆ ಇಳಿಯಲು ಏಳು ವರ್ಷ ಹಿಡಿದಿತ್ತು. ಈಗ ಒಂದೇ ಓಟದಲ್ಲಿ 0.27 ಸೆಕೆಂಡು ಕಡಿಮೆಯಾಯಿತು.

ಮೊದಲು ಎದ್ದ ಪ್ರಶ್ನೆ ಮದ್ದಿನದಲ್ಲ, ಗಾಳಿಯದು. ಓಟಗಾರರ ಬೆನ್ನಿಗೆ ಬೀಸುವ ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ಮೀರಿದರೆ ಆ ವೇಳೆಯನ್ನು ದಾಖಲೆಯಾಗಿ ಪರಿಗಣಿಸುವುದಿಲ್ಲ. ಈ ಓಟದ ಸಮಯದಲ್ಲಿ ಗಾಳಿಮಾಪಕ ಸೊನ್ನೆ ತೋರಿಸಿತು. ಆದರೆ ಅದೇ ವೇಳೆ ಪಕ್ಕದಲ್ಲಿ ನಡೆಯುತ್ತಿದ್ದ ತ್ರಿವಿಧ ಜಿಗಿತದ ಮಾಪಕದಲ್ಲಿ 4.3 ಮೀಟರ್ ಗಾಳಿ ದಾಖಲಾಗಿತ್ತು. ಎರಡನೆಯ ಕ್ವಾರ್ಟರ್‌ಫೈನಲ್‌ನಲ್ಲಿಯೂ ಸೊನ್ನೆ ತೋರಿಸಿದ 100 ಮೀಟರ್ ಓಟದ ಮಾಪಕ, ಮೂರನೆಯದರಲ್ಲಿ ಹಠಾತ್ತನೆ 5.0 ತೋರಿಸಿತು. ಮಾಪಕ ಕೆಟ್ಟಿರಬೇಕೆಂಬ ಅಭಿಪ್ರಾಯ ಅಂದಿನಿಂದಲೂ ಪ್ರಬಲವಾಗಿದೆ. ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟಕ್ಕಾಗಿ 1995ರಲ್ಲಿ ಸಿದ್ಧವಾದ ವೈಜ್ಞಾನಿಕ ವರದಿಯೂ ನಿಜವಾದ ಗಾಳಿಯ ವೇಗ 5ರಿಂದ 7 ಮೀಟರ್ ಇದ್ದಿರಬೇಕೆಂದು ಲೆಕ್ಕ ಹಾಕಿತು. ಅಥ್ಲೆಟಿಕ್ಸ್ ಅಂಕಿಅಂಶ ತಜ್ಞರ ವಾರ್ಷಿಕ ಸಂಪುಟಗಳು ಈ ಸಾಧನೆಯ ಜೊತೆಗೆ ಗಾಳಿಯ ನೆರವಿನ ಸಂಭವವನ್ನೂ ನಮೂದಿಸುತ್ತಾ ಬಂದಿವೆ. ಆದರೆ ದಾಖಲೆ ರದ್ದಾಗಲಿಲ್ಲ.

ಗಾಳಿಯ ವಾದ ಒಪ್ಪಿದರೂ ಪ್ರಶ್ನೆ ಮುಗಿಯುವುದಿಲ್ಲ. ಮರುದಿನದ ಫೈನಲ್‌ನಲ್ಲಿ ಅವರು ನಿಯಮದ ಮಿತಿಯೊಳಗಿನ ಗಾಳಿಯಲ್ಲಿ 10.61 ಸೆಕೆಂಡುಗಳಲ್ಲಿ ಓಡಿದರು. ಅದೂ ಹಳೆಯ ದಾಖಲೆಗಿಂತ ಬಹಳ ವೇಗದ್ದೇ. 10.49 ಅನ್ನು ಬದಿಗಿಟ್ಟರೂ ಅಂದು ಅವರಿಗೆ ಸಮಾನರು ಇರಲಿಲ್ಲ.

ಸಿಯೋಲ್

ಆಯ್ಕೆ ಸ್ಪರ್ಧೆಯ ಬೆನ್ನಲ್ಲೇ ಫ್ಲಾರೆನ್ಸ್ ಕರ್ಸಿಯವರ ತರಬೇತಿಯನ್ನು ಬಿಟ್ಟು ಪತಿಯ ಮಾರ್ಗದರ್ಶನದಲ್ಲಿ ಅಭ್ಯಾಸ ಮುಂದುವರಿಸಿದರು. ಸಿಯೋಲ್‌ನಲ್ಲಿ 100 ಮೀಟರ್ ಕ್ವಾರ್ಟರ್‌ಫೈನಲ್‌ನಲ್ಲಿ 10.62 ಸೆಕೆಂಡುಗಳ ಒಲಿಂಪಿಕ್ ದಾಖಲೆ ಬರೆದರು. ಸೆಪ್ಟೆಂಬರ್ 25ರ ಫೈನಲ್‌ನಲ್ಲಿ ಗಾಳಿಯ ನೆರವಿನೊಂದಿಗೆ 10.54 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಗೆರೆ ಮುಟ್ಟುವ ಮೊದಲೇ ಅವರ ಮುಖದಲ್ಲಿ ನಗು ಅರಳಿತ್ತು, ಕೈಗಳು ಮೇಲೆದ್ದಿದ್ದವು. ಸೆಪ್ಟೆಂಬರ್ 29ರಂದು 200 ಮೀಟರ್ ಸೆಮಿಫೈನಲ್‌ನಲ್ಲಿ 21.56, ಅದೇ ದಿನದ ಫೈನಲ್‌ನಲ್ಲಿ 21.34 ಸೆಕೆಂಡುಗಳೊಂದಿಗೆ ಎರಡು ಬಾರಿ ವಿಶ್ವದಾಖಲೆ ಮುರಿದರು. ಹಿಂದಿನ ದಾಖಲೆ 21.71 ಪೂರ್ವ ಜರ್ಮನಿಯ ಮರೀಟಾ ಕೋಚ್ ಮತ್ತು ಹೈಕೆ ಡ್ರೆಕ್ಸ್‌ಲರ್ ಅವರದಾಗಿತ್ತು. 4×100 ಮೀಟರ್ ರಿಲೇಯಲ್ಲಿ ಮೂರನೆಯ ಚಿನ್ನ, ಅದೇ ದಿನ ಓಡಿದ 4×400 ಮೀಟರ್ ರಿಲೇಯಲ್ಲಿ ಸೋವಿಯತ್ ತಂಡದ ಹಿಂದೆ ಬೆಳ್ಳಿ ಬಂತು.

ಈ ಓಟಗಳ ನಡುವೆ ಕ್ರೀಡಾಕೂಟದ ಸ್ವರೂಪವೇ ಬದಲಾಗಿತ್ತು. ಪುರುಷರ 100 ಮೀಟರ್‌ನಲ್ಲಿ ವಿಶ್ವದಾಖಲೆಯೊಂದಿಗೆ ಗೆದ್ದಿದ್ದ ಕೆನಡಾದ ಬೆನ್ ಜಾನ್ಸನ್ ಅವರ ಮೂತ್ರದಲ್ಲಿ ಸ್ಟಾನೊಜೊಲಾಲ್ ಎಂಬ ಸ್ಟೆರಾಯ್ಡ್ ಪತ್ತೆಯಾಗಿ ಸೆಪ್ಟೆಂಬರ್ 27ರಂದು ಅವರ ಪದಕ ಹಿಂಪಡೆಯಲಾಯಿತು. ಅಲ್ಲಿಯವರೆಗೆ ಬೆರಗಿನಿಂದ ನೋಡುತ್ತಿದ್ದ ಕಣ್ಣುಗಳು ಆ ದಿನದಿಂದ ಅನುಮಾನದಿಂದ ನೋಡತೊಡಗಿದವು. ಎರಡು ದಿನಗಳ ನಂತರ ಫ್ಲಾರೆನ್ಸ್ 200 ಮೀಟರ್ ದಾಖಲೆ ಮುರಿದಾಗ ಮೆಚ್ಚುಗೆಯೊಂದಿಗೆ ಪಿಸುಮಾತೂ ಕೇಳಿಬಂತು. ಬ್ರೆಜಿಲ್‌ನ 800 ಮೀಟರ್ ಓಟಗಾರ ಜೊವಾಕಿಮ್ ಕ್ರೂಜ್ ಬಹಿರಂಗವಾಗಿಯೇ ಸಂಶಯ ವ್ಯಕ್ತಪಡಿಸಿದರು. ಫ್ಲಾರೆನ್ಸ್ ಅದನ್ನು ಸಂಪೂರ್ಣವಾಗಿ ನಿರಾಕರಿಸಿ, ಭಾರ ಎತ್ತುವ ಕಠಿಣ ವ್ಯಾಯಾಮವೇ ತಮ್ಮ ವೇಗದ ಮೂಲ ಎಂದು ವಿವರಿಸಿದರು.

ಸಂಶಯ ಮತ್ತು ಅದರ ಆಧಾರಗಳು

ಸಂಶಯಪಟ್ಟವರು ಮುಂದಿಟ್ಟ ಕಾರಣಗಳು ಒಂದೇ ತೂಕದವಲ್ಲ. ಮುಖ್ಯವಾದದ್ದು ವೇಳೆಯ ಜಿಗಿತ: ಒಂದು ವರ್ಷದೊಳಗೆ 100 ಮೀಟರ್‌ನಲ್ಲಿ 0.47, 200 ಮೀಟರ್‌ನಲ್ಲಿ 0.62 ಸೆಕೆಂಡುಗಳ ಸುಧಾರಣೆ, ಅದೂ 28ನೆಯ ವಯಸ್ಸಿನಲ್ಲಿ. ಹಲವು ವರ್ಷಗಳಿಂದ ಉನ್ನತ ಮಟ್ಟದಲ್ಲಿ ಓಡುತ್ತಿರುವವರಲ್ಲಿ ಇಂತಹ ಬದಲಾವಣೆ ತೀರ ಅಪರೂಪ. ಮೈಕಟ್ಟು ಗಡುಸಾಯಿತು, ಧ್ವನಿ ಬದಲಾಯಿತು ಎಂಬ ಮಾತುಗಳೂ ಹರಡಿದವು. ಇವು ಸಾಕ್ಷ್ಯವೆನಿಸಲಾರವು, ಬಲಿಷ್ಠ ಮಹಿಳೆಯ ದೇಹದ ಬಗ್ಗೆ ಜನ ಸುಲಭವಾಗಿ ಆಡಿಬಿಡುವ ಮಾತುಗಳೂ ಇದರಲ್ಲಿ ಸೇರಿದ್ದವು.

1989ರಲ್ಲಿ ಅಮೆರಿಕದ 400 ಮೀಟರ್ ಓಟಗಾರ ಡ್ಯಾರೆಲ್ ರಾಬಿನ್ಸನ್, ಜರ್ಮನಿಯ 'ಸ್ಟೆರ್ನ್' ಪತ್ರಿಕೆಯಲ್ಲಿ, ತಾನು ಹಿಂದಿನ ವರ್ಷ ಫ್ಲಾರೆನ್ಸ್ ಅವರಿಗೆ ಬೆಳವಣಿಗೆಯ ಹಾರ್ಮೋನ್ ಮಾರಿದ್ದಾಗಿ ಆರೋಪಿಸಿದರು. ಫ್ಲಾರೆನ್ಸ್ ದೂರದರ್ಶನ ಕಾರ್ಯಕ್ರಮದಲ್ಲಿ ಆರೋಪಿಸಿದವರನ್ನೇ ಎದುರಿಸಿ ಅದು ಸುಳ್ಳೆಂದರು. ಆರೋಪ ಎಂದೂ ಸಾಬೀತಾಗಲಿಲ್ಲ.

ಅವರ ನಿವೃತ್ತಿಯ ಸಮಯವೂ ಚರ್ಚೆಗೆ ಒಳಗಾಯಿತು. ಕೀರ್ತಿಯ ಶಿಖರದಲ್ಲಿದ್ದಾಗಲೇ, 1989ರ ಫೆಬ್ರವರಿಯಲ್ಲಿ, ಅವರು ಓಟಕ್ಕೆ ವಿದಾಯ ಹೇಳಿದರು. ಸ್ಪರ್ಧೆ ಇಲ್ಲದ ದಿನಗಳಲ್ಲಿಯೂ ಮುನ್ಸೂಚನೆ ನೀಡದೆ ಕ್ರೀಡಾಪಟುಗಳನ್ನು ಪರೀಕ್ಷಿಸುವ ಕಡ್ಡಾಯ ಪದ್ಧತಿ ಜಾರಿಗೆ ಬಂದದ್ದು ಅದೇ ವರ್ಷ. ಟೀಕಾಕಾರರು ಇವೆರಡನ್ನೂ ಜೋಡಿಸಿದರು. ಆದರೆ ಜಾಹೀರಾತು, ನಟನೆ, ಉಡುಪು ವಿನ್ಯಾಸಗಳಿಂದ ಅವರಿಗೆ ಆಗ ದೊರೆಯುತ್ತಿದ್ದ ಆದಾಯ ಓಟದ ಬಹುಮಾನಗಳಿಗಿಂತ ಹೆಚ್ಚಿನದಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಇನ್ನೊಂದು ಬದಿಯಲ್ಲಿರುವುದು ಪರೀಕ್ಷೆಗಳ ಫಲಿತಾಂಶ. 1988ರಲ್ಲಿ ಸ್ಪರ್ಧೆಗಳ ವೇಳೆ ಅವರನ್ನು ಮತ್ತೆ ಮತ್ತೆ ಪರೀಕ್ಷಿಸಲಾಯಿತು. ಪ್ರತಿಯೊಂದರಲ್ಲಿಯೂ ಅವರು ಉತ್ತೀರ್ಣರಾದರು. ಸಿಯೋಲ್‌ನಲ್ಲಿ ಸಂಶಯದ ಕಾರಣದಿಂದಲೇ ಅವರ ಮಾದರಿಗಳನ್ನು ವಿಶೇಷ ಕಟ್ಟುನಿಟ್ಟಿನಿಂದ ಪರಿಶೀಲಿಸಲಾಗಿತ್ತೆಂದೂ, ಏನೂ ಸಿಗಲಿಲ್ಲವೆಂದೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವೈದ್ಯಕೀಯ ಆಯೋಗದ ಅಧ್ಯಕ್ಷ ಅಲೆಕ್ಸಾಂಡರ್ ದ ಮೆರೋಡ್ ಫ್ಲಾರೆನ್ಸ್ ಅವರ ಮರಣಾನಂತರ ತಿಳಿಸಿದರು.

ಆದರೆ ಅಂದಿನ ಪರೀಕ್ಷೆಗೆ ಮಿತಿಗಳಿದ್ದವು. ತರಬೇತಿಯ ತಿಂಗಳುಗಳಲ್ಲಿ ಸ್ಟೆರಾಯ್ಡ್ ಬಳಸಿ ಸ್ಪರ್ಧೆಗೆ ಮುನ್ನ ನಿಲ್ಲಿಸಿದವರು ಸ್ಪರ್ಧೆಯ ದಿನದ ಮೂತ್ರ ಪರೀಕ್ಷೆಯಿಂದ ಪಾರಾಗಬಹುದಿತ್ತು. ಬೆಳವಣಿಗೆಯ ಹಾರ್ಮೋನ್ ಪತ್ತೆಹಚ್ಚುವ ವಿಧಾನವಂತೂ ಆಗ ಇರಲೇ ಇಲ್ಲ. ಒಲಿಂಪಿಕ್ಸ್‌ನಲ್ಲಿ ಅದು ಮೊದಲು ಬಳಕೆಯಾದದ್ದು 2004ರ ಅಥೆನ್ಸ್ ಕೂಟದಲ್ಲಿ. ಆದ್ದರಿಂದ ಉತ್ತೀರ್ಣರಾದ ಪರೀಕ್ಷೆಗಳು ಅವರನ್ನು ತಪ್ಪಿತಸ್ಥರೆನ್ನಲು ಅವಕಾಶ ಕೊಡುವುದಿಲ್ಲ, ಸಂಶಯಗಾರರ ಬಾಯನ್ನೂ ಮುಚ್ಚಿಸುವುದಿಲ್ಲ. ಪೂರ್ವ ಜರ್ಮನಿಯ ವಿಷಯ ಬೇರೆ. ಅಲ್ಲಿ ಸರ್ಕಾರವೇ ಮದ್ದು ನೀಡಿದ್ದರ ಕಡತಗಳು ಆ ರಾಷ್ಟ್ರ ಕುಸಿದ ನಂತರ ಬೆಳಕಿಗೆ ಬಂದವು. ಫ್ಲಾರೆನ್ಸ್ ಅವರ ವಿಷಯದಲ್ಲಿ ಅಂತಹ ಯಾವ ಕಡತವೂ ಹೊರಬಂದಿಲ್ಲ.

ನಿವೃತ್ತಿಯ ನಂತರ

1988ರ ಸಾಧನೆಗಾಗಿ ಅವರಿಗೆ ಅಮೆರಿಕದ ಶ್ರೇಷ್ಠ ಹವ್ಯಾಸಿ ಕ್ರೀಡಾಪಟುವಿಗೆ ಸಲ್ಲುವ ಸಲಿವನ್ ಪ್ರಶಸ್ತಿ ದೊರೆಯಿತು. ಇಂಡಿಯಾನಾ ಪೇಸರ್ಸ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವರು ವಿನ್ಯಾಸಗೊಳಿಸಿದ ಸಮವಸ್ತ್ರ ಹಲವು ವರ್ಷ ಬಳಕೆಯಲ್ಲಿತ್ತು. ಅವರ ರೂಪದ ಗೊಂಬೆಯೂ ಮಾರುಕಟ್ಟೆಗೆ ಬಂತು. 1990ರಲ್ಲಿ ಮಗಳು ಮೇರಿ ಜನಿಸಿದಳು. 1993ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರನ್ನು ದೈಹಿಕ ಕ್ಷಮತೆ ಮತ್ತು ಕ್ರೀಡೆಗಳ ಮಂಡಳಿಯ ಸಹ ಅಧ್ಯಕ್ಷರನ್ನಾಗಿ ನೇಮಿಸಿದರು. 1996ರ ಒಲಿಂಪಿಕ್ಸ್‌ಗೆ 400 ಮೀಟರ್ ಓಟದ ಮೂಲಕ ಮರಳುವ ಪ್ರಯತ್ನ ಕಾಲಿನ ನೋವಿನಿಂದ ಕೈಗೂಡಲಿಲ್ಲ.

ಅವರ ಓಟದಷ್ಟೇ ಉಡುಗೆತೊಡುಗೆಯೂ ದೂರದ ದೇಶಗಳನ್ನು ತಲುಪಿತ್ತು. ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪ ಅವರನ್ನು ನಮ್ಮ ಪತ್ರಿಕೆಗಳು ಭಾರತದ ಫ್ಲೋ-ಜೋ ಎಂದು ಕರೆದವು.

ಮರಣ

1998ರ ಸೆಪ್ಟೆಂಬರ್ 21ರಂದು ಕ್ಯಾಲಿಫೋರ್ನಿಯಾದ ಮಿಷನ್ ವಿಯೆಹೋ ಪಟ್ಟಣದ ತಮ್ಮ ಮನೆಯಲ್ಲಿ ಫ್ಲಾರೆನ್ಸ್ ನಿದ್ರೆಯಲ್ಲಿಯೇ ತೀರಿಕೊಂಡರು. ಆಗ ಅವರಿಗೆ 38 ವರ್ಷ. ಸಾವಿನ ಸುದ್ದಿಯ ಬೆನ್ನಲ್ಲೇ ಮದ್ದಿನ ಮಾತು ಮತ್ತೆ ಎದ್ದಿತು. ಇಷ್ಟು ಚಿಕ್ಕ ವಯಸ್ಸಿನ ಸಾವೇ ಸಾಕ್ಷ್ಯ ಎಂದವರೂ ಇದ್ದರು. ಶವಪರೀಕ್ಷೆಯ ವರದಿ ಬೇರೆಯದನ್ನೇ ಹೇಳಿತು. ಅವರ ಮೆದುಳಿನಲ್ಲಿ ಹುಟ್ಟಿನಿಂದಲೇ ರಕ್ತನಾಳಗಳ ದೋಷವೊಂದಿತ್ತು. ಅದರಿಂದ ನಿದ್ರೆಯಲ್ಲಿ ತೀವ್ರ ಅಪಸ್ಮಾರ ಉಂಟಾಗಿ ಉಸಿರುಗಟ್ಟಿ ಮರಣ ಸಂಭವಿಸಿತ್ತು. 1996ರಲ್ಲಿ ವಿಮಾನ ಪ್ರಯಾಣದ ವೇಳೆಯೂ ಅವರಿಗೆ ಇಂತಹ ಆಘಾತವಾಗಿತ್ತು. ಸ್ಟೆರಾಯ್ಡ್ ಪರೀಕ್ಷೆಗೂ ಕೋರಿಕೆ ಇತ್ತು. ಆದರೆ ಅದಕ್ಕೆ ಸಾಕಾಗುವಷ್ಟು ಮೂತ್ರ ದೊರೆಯದ ಕಾರಣ ಅದು ನಡೆಯಲಿಲ್ಲ. ಸಂಶಯಪಟ್ಟವರು ಅದನ್ನೂ ತಮ್ಮ ವಾದಕ್ಕೆ ಬಳಸಿಕೊಂಡರು.

ದಾಖಲೆಗಳ ಇಂದಿನ ಸ್ಥಿತಿ

ವಾಟ್ಸ್ ಪ್ರದೇಶದ ಒಂದು ಪ್ರಾಥಮಿಕ ಶಾಲೆಗೆ ಫ್ಲಾರೆನ್ಸ್ ಅವರ ಹೆಸರಿಡಲಾಗಿದೆ. 2017ರಲ್ಲಿ ಯೂರೋಪಿನ ಅಥ್ಲೆಟಿಕ್ಸ್ ಸಂಸ್ಥೆ, ಪರೀಕ್ಷಾ ಮಾದರಿಗಳನ್ನು ಕಾಪಿಡುವ ಪದ್ಧತಿ ಆರಂಭವಾದ 2005ಕ್ಕಿಂತ ಹಿಂದಿನ ವಿಶ್ವದಾಖಲೆಗಳಿಗೆ ಮಾನ್ಯತೆ ಹಿಂಪಡೆಯಬೇಕೆಂಬ ಪ್ರಸ್ತಾವ ಮುಂದಿಟ್ಟಿತು. ಯಾರ ಮೇಲೂ ಆರೋಪ ಹೊರಿಸದೆ ಹಳೆಯ ಸಂಶಯಗಳನ್ನೆಲ್ಲ ಒಟ್ಟಿಗೆ ಬದಿಗೆ ಸರಿಸುವ ಉಪಾಯ ಅದು. ತಪ್ಪು ಸಾಬೀತಾಗದವರ ಸಾಧನೆಯನ್ನೂ ಅಳಿಸುತ್ತದೆ ಎಂಬ ಕಾರಣಕ್ಕೆ ಹಳೆಯ ದಾಖಲೆದಾರರಲ್ಲಿ ಹಲವರು ಅದನ್ನು ವಿರೋಧಿಸಿದರು, ಪ್ರಸ್ತಾವ ಜಾರಿಯಾಗಲಿಲ್ಲ. ಜಮೈಕಾದ ಎಲೇನ್ ಥಾಂಪ್ಸನ್-ಹೆರಾ 2021ರ ಟೋಕಿಯೊ ಕೂಟದಲ್ಲಿ 10.61 ಸೆಕೆಂಡುಗಳೊಂದಿಗೆ ಸಿಯೋಲ್‌ನ ಒಲಿಂಪಿಕ್ ದಾಖಲೆಯನ್ನು ಮುರಿದು, ಮುಂದಿನ ತಿಂಗಳು ಯೂಜೀನ್ ನಗರದಲ್ಲಿ 10.54 ಓಡಿದರು. 200 ಮೀಟರ್‌ನಲ್ಲಿ ಜಮೈಕಾದವರೇ ಆದ ಶೆರಿಕಾ ಜಾಕ್ಸನ್ 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 21.41 ಸೆಕೆಂಡುಗಳವರೆಗೆ ತಲುಪಿದರು.