ಪದಕ ಪಟ್ಟಿಯಲ್ಲಿ ಇಲ್ಲದ ಹೆಸರು: ಹೈದರಾಬಾದಿನ ರಹೀಮ್ ಮಾಸ್ತರ್

ಏಷ್ಯನ್ ಗೇಮ್ಸ್ ಅಥವಾ ಒಲಿಂಪಿಕ್ಸ್ ಶುರುವಾಯ್ತು ಅಂದ್ರೆ ಎರಡು ವಾರ ನಮ್ಮ ಫೋನಿನಲ್ಲಿ ಒಂದು ಪುಟ ಮುಚ್ಚೋದೇ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಪದಕ ಪಟ್ಟಿ, ಊಟದ ಹೊತ್ತಿಗೆ ಪದಕ ಪಟ್ಟಿ, ಮಲಗುವ ಮುಂಚೆ ಇನ್ನೊಮ್ಮೆ. ದೇಶ ಎಷ್ಟನೇ ಸ್ಥಾನದಲ್ಲಿದೆ, ನಿನ್ನೆಗಿಂತ ಮೇಲೆ ಹೋಯ್ತಾ, ಕೆಳಗೆ ಬಂತಾ? ಈ ಚಟ ಹೊಸದಲ್ಲ. ರೇಡಿಯೋ ಸುದ್ದಿಗೆ ಕಿವಿಗೊಟ್ಟು, ಮರುದಿನದ ಪತ್ರಿಕೆಗೆ ಕಾದು ಕೂತ ಕಾಲದಲ್ಲೂ ಇದು ಹೀಗೇ ಇತ್ತು.

1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಹಿಂಬಾಲಿಸುತ್ತಿದ್ದ ಒಬ್ಬ ಅಭಿಮಾನಿಯನ್ನು ನೆನೆಸಿಕೊಳ್ಳಿ. ಫುಟ್‌ಬಾಲ್ ವಿಭಾಗದಲ್ಲಿ ಅವನಿಗೆ ಕಂಡಿದ್ದು ಐದು ಸಾಲು. ದಕ್ಷಿಣ ಕೊರಿಯಾ ಎದುರು 0-2 ಸೋಲು. ಥಾಯ್ಲೆಂಡ್ ಎದುರು 4-1 ಗೆಲುವು. ಜಪಾನ್ ಎದುರು 2-0. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3-2. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ, ಈ ಸಲ 2-1. ಚಿನ್ನ.

ಈ ಐದು ಸಾಲಿನ ಹಿಂದೆ ಹೆಚ್ಚೂಕಡಿಮೆ ಇಪ್ಪತ್ತು ವರ್ಷದ ದುಡಿಮೆ ಇತ್ತು. ಆ ದುಡಿಮೆ ಹೈದರಾಬಾದಿನ ಒಬ್ಬ ಶಾಲಾ ಮಾಸ್ತರರದ್ದು. ಹೆಸರು ಸೈಯದ್ ಅಬ್ದುಲ್ ರಹೀಮ್. 2024ರಲ್ಲಿ ಅಜಯ್ ದೇವಗನ್ ನಟಿಸಿದ 'ಮೈದಾನ್' ಸಿನಿಮಾ ಬಂದಮೇಲೆ ಈ ಹೆಸರು ಒಂದಿಷ್ಟು ಜನಕ್ಕೆ ಗೊತ್ತಾಯ್ತು. ಆದರೆ ಬಸವಕಲ್ಯಾಣ, ಹುಮನಾಬಾದ್, ಕೊಹಿನೂರ ಕಡೆಯ ನಮಗೆ ಅವರು ಸಿನಿಮಾದಿಂದ ಪರಿಚಯ ಆಗಬೇಕಾದವರಲ್ಲ. ನಮ್ಮ ಊರುಗಳು 1956ರ ಅಕ್ಟೋಬರ್ ಕೊನೆಯವರೆಗೂ ಅವರ ರಾಜ್ಯದಲ್ಲೇ ಇದ್ದವು.

ಎಡಗಾಲಿನ ಪಾಠ

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ನಿಜಾಮರ ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅದರ ತಂಡಕ್ಕೆ ಆಡಿದರು. ಆಮೇಲೆ ಕಾಚಿಗುಡಾ, ಚಾದರ್‌ಘಾಟ್ ಕಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಆಟದ ಮಾಸ್ತರ್ ಆದರು. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ ಸ್ಥಾನಕ್ಕೂ ಬಂದರು.

ಅವರ ಕೆಲಸದ ರೀತಿ ನೋಡಿದರೆ ಇವರು ಮೊದಲು ಮಾಸ್ತರ್, ಆಮೇಲೆ ಕೋಚ್ ಅನ್ನೋದು ಗೊತ್ತಾಗುತ್ತೆ. ಬಲಗಾಲಿನಲ್ಲಿ ಒದೆಯುವ ಹುಡುಗರು ಎಡಗಾಲನ್ನು ಮಾತ್ರ ಬಳಸಬೇಕು ಅನ್ನುವ ಟೂರ್ನಿಗಳನ್ನು ನಡೆಸಿದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವ ಹಾಗಿಲ್ಲ, ಬಂದ ಕೂಡಲೇ ಇನ್ನೊಬ್ಬನಿಗೆ ಕೊಡಬೇಕು ಅನ್ನುವ ಟೂರ್ನಿಗಳೂ ಇದ್ದವು. ಎತ್ತರ ಕಡಿಮೆ ಇರುವ ಹುಡುಗರಿಗೇ ಬೇರೆ ಪಂದ್ಯ. ಇದಕ್ಕೆ ದುಡ್ಡು ಬೇಡ, ಸ್ಟೇಡಿಯಂ ಬೇಡ. ಮಕ್ಕಳ ಕೊರತೆ ಎಲ್ಲಿದೆ ಅಂತ ದಿನಾ ನೋಡುವ ಒಬ್ಬ ಮನುಷ್ಯ ಬೇಕು, ಅಷ್ಟೇ.

ಸಿಕಂದರಾಬಾದಿನ ಅಮ್ಮುಗುಡದ ಬಡ ಮನೆಯ ಹುಡುಗ ತುಳಸೀದಾಸ್ ಬಲರಾಂ ಅವರ ಕಣ್ಣಿಗೆ ಬಿದ್ದದ್ದು ಹೀಗೆ ನೋಡುವಾಗಲೇ. ತರಬೇತಿಗೆ ಅಷ್ಟು ದೂರ ಬಂದುಹೋಗಲು ಹುಡುಗನ ಹತ್ತಿರ ದುಡ್ಡಿಲ್ಲ. ಬಾಡಿಗೆ ಸೈಕಲ್ಲಿನ ಖರ್ಚನ್ನು ಮಾಸ್ತರರೇ ಕೊಟ್ಟರು. ಆ ಹುಡುಗ ಮುಂದೆ ಎರಡು ಒಲಿಂಪಿಕ್ಸ್ ಆಡಿದ. ರೋಮ್‌ನಲ್ಲಿ ಹಂಗೆರಿ ಮತ್ತು ಪೆರು ಎದುರು ಗೋಲು ಹೊಡೆದ.

1948ರ ನೆರಳಲ್ಲಿ

1950ರಲ್ಲಿ ರಹೀಮ್ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯನ್ನೂ ಭಾರತ ತಂಡದ ತರಬೇತಿಯನ್ನೂ ವಹಿಸಿಕೊಂಡರು. ಆ ವರ್ಷವನ್ನು ಇಲ್ಲಿ ನಿಂತು ನೋಡಬೇಕು.

ಅದಕ್ಕೆ ಎರಡೇ ವರ್ಷ ಮುಂಚೆ, 1948ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಗೋರ್ಟಾದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದ್ದರು. ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ಅದರ ಬೆನ್ನಿಗೇ ಮುಸ್ಲಿಮರ ಮೇಲೆ ದೊಡ್ಡ ಪ್ರಮಾಣದ ಹಿಂಸೆ ನಡೆಯಿತು. ಅದನ್ನು ವಿಚಾರಿಸಲು ಬಂದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಮತ್ತು ಗುಲ್ಬರ್ಗಾವನ್ನೂ ಹೆಸರಿಸಿತು. ಉಳಿದೆರಡು ಉಸ್ಮಾನಾಬಾದ್ ಮತ್ತು ನಾಂದೇಡ್. ಈ ಎರಡು ಗಾಯಗಳಲ್ಲಿ ಒಂದನ್ನು ಮಾತ್ರ ನೆನಪಿಸಿ ಇನ್ನೊಂದನ್ನು ಮರೆಸುವ ರಾಜಕೀಯ ನಮ್ಮ ಕಡೆ ಇವತ್ತಿಗೂ ನಡೆದೇ ಇದೆ.

ಅಂಥ ಹೊತ್ತಲ್ಲಿ, ಅದೇ ಹೈದರಾಬಾದಿನ ಒಬ್ಬ ಮುಸ್ಲಿಂ ಮಾಸ್ತರ್ ಗಣರಾಜ್ಯವಾಗಿ ವರ್ಷವೂ ತುಂಬದ ದೇಶದ ತಂಡವನ್ನು ಕಟ್ಟಲು ಕೂತರು. ನಿಷ್ಠೆ ತೋರಿಸು ಅಂತ ಕೇಳುವವರಿಗೆ ಭಾಷಣ ಮಾಡಲಿಲ್ಲ. 1951ರ ಮಾರ್ಚ್‌ನಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಇರಾನ್ ತಂಡವನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಸಾಹು ಮೇವಾಲಾಲ್ ಗೋಲು ಹೊಡೆದಾಗ ನೆಹರು ಮೈದಾನದಲ್ಲಿದ್ದರು. ಇತ್ತ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು.

ಹತ್ತು-ಒಂದು

ಅಭಿಮಾನಿ ಬರೀ ಫಲಿತಾಂಶ ನೋಡುವವನಾಗಿದ್ದರೆ 1952ರಲ್ಲೇ ರಹೀಮ್ ಅವರ ಕಥೆ ಮುಗಿದಿತ್ತು. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಸೋಲಿಸಿತು. ಅಲ್ಲಿಯ ಚಳಿಯಲ್ಲಿ ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಇವತ್ತಾಗಿದ್ದರೆ ರಾತ್ರಿ ಒಳಗೆ ಕೋಚ್ ರಾಜೀನಾಮೆಗೆ ಹ್ಯಾಶ್‌ಟ್ಯಾಗ್ ಓಡಿರುತ್ತಿತ್ತು.

ಆ ಸೋಲಿನಿಂದ ಎರಡು ಬದಲಾವಣೆ ಆದವು. ಬೂಟು ಹಾಕಿ ಆಡುವುದು ಕಡ್ಡಾಯ ಆಯ್ತು. ಆ ಒಲಿಂಪಿಕ್ಸ್ ಗೆದ್ದ ಹಂಗೆರಿಯ ಆಟದಿಂದ ರಹೀಮ್ ಒಂದು ಪಾಠವನ್ನೂ ಕಲಿತರು. ಸೆಂಟರ್ ಫಾರ್ವರ್ಡ್ ಎದುರಾಳಿಯ ಗೋಲಿನ ಮುಂದೆಯೇ ನಿಲ್ಲಬೇಕಿಲ್ಲ. ಅವನು ಹಿಂದೆ ಸರಿದರೆ ಅವನನ್ನು ಕಾಯುವವನು ಗೊಂದಲಕ್ಕೆ ಬೀಳುತ್ತಾನೆ, ಆ ಖಾಲಿ ಜಾಗಕ್ಕೆ ಬೇರೆಯವರು ನುಗ್ಗಬಹುದು. ಸರಳ ಲೆಕ್ಕ. ಆದರೆ ಅದನ್ನು ಹನ್ನೊಂದು ಜನರ ಕಾಲಿಗೆ ಕಲಿಸಲು ವರ್ಷಗಳು ಬೇಕು. ರಹೀಮ್‌ಗೆ ಆ ವರ್ಷಗಳು ಸಿಕ್ಕವು.

ನಕ್ಷೆ ಬದಲಾದ ತಿಂಗಳು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ತೆಲುಗು ಜಿಲ್ಲೆಗಳು ಆಂಧ್ರಪ್ರದೇಶಕ್ಕೆ, ಮರಾಠವಾಡಾ ಮುಂಬೈ ರಾಜ್ಯಕ್ಕೆ, ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ. ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್ ಅದು.

ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ಭಾರತದ್ದೇ. ಕೊನೆಗೆ 1-4. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರು 0-3. ನಾಲ್ಕನೇ ಸ್ಥಾನ. ಪದಕ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಜಾಗ ಇಲ್ಲ, ಅಲ್ವಾ? ಹಾಗಾಗಿ ಭಾರತದ ಫುಟ್‌ಬಾಲ್ ಒಲಿಂಪಿಕ್ಸ್‌ನಲ್ಲಿ ಮುಟ್ಟಿದ ಅತಿ ಎತ್ತರದ ಮೆಟ್ಟಿಲು ಆ ಪಟ್ಟಿಯಲ್ಲಿ ಕಾಣಿಸೋದೇ ಇಲ್ಲ.

ಆ ತಂಡದಲ್ಲಿ ಅಜೀಜುದ್ದೀನ್, ನೂರ್ ಮೊಹಮ್ಮದ್, ಅಹ್ಮದ್ ಹುಸೇನ್, ಜುಲ್ಫಿಕರುದ್ದೀನ್, ಬಲರಾಂ ಇದ್ದರು. ಎಲ್ಲರೂ ರಹೀಮ್ ಬೆಳೆಸಿದ ಹೈದರಾಬಾದಿನ ಹುಡುಗರು. ಮೈಸೂರು ರಾಜ್ಯದ ಕೆಂಪಯ್ಯನೂ ಇದ್ದರು. ಅಂದರೆ ಕೊಹಿನೂರದ ಒಬ್ಬ ಅಭಿಮಾನಿಗೆ ಆ ತಿಂಗಳು ಎರಡೂ ಕಡೆ ತನ್ನವರು ಅನ್ನಿಸಬಹುದಿತ್ತು. ನಿನ್ನೆಯವರೆಗೆ ತನ್ನ ರಾಜ್ಯವಾಗಿದ್ದ ಊರಿನ ಆಟಗಾರರು ಒಂದು ಕಡೆ, ಇವತ್ತಿನಿಂದ ತನ್ನದಾದ ರಾಜ್ಯದ ಆಟಗಾರ ಇನ್ನೊಂದು ಕಡೆ.

ನಾಲ್ಕು ವರ್ಷದ ನಂತರ ರೋಮ್. ಹಂಗೆರಿ ಎದುರು 1-2, ಫ್ರಾನ್ಸ್ ಎದುರು 1-1, ಪೆರು ಎದುರು 1-3. ಗುಂಪಿನಲ್ಲೇ ಆಟ ಮುಗಿಯಿತು. ಆದರೂ ಹೆಲ್ಸಿಂಕಿಯಿಂದ ಎಂಟು ವರ್ಷದಲ್ಲಿ ತಂಡ ಎಲ್ಲಿಗೆ ಬಂದಿದೆ ಅನ್ನೋದು ಈ ಅಂಕಿಗಳಲ್ಲೇ ಕಾಣುತ್ತೆ. ರಹೀಮ್ ಅವರ ಮಗ ಸೈಯದ್ ಶಾಹಿದ್ ಹಕೀಮ್ ಆ ತಂಡದಲ್ಲಿದ್ದರು. ಅಪ್ಪ ಕೋಚ್. ಆದರೂ ಮಗನಿಗೆ ಒಂದು ಪಂದ್ಯದಲ್ಲೂ ಆಡುವ ಅವಕಾಶ ಸಿಗಲಿಲ್ಲ.

ಜಕಾರ್ತ

ಈಗ ಆ ಐದು ಸಾಲುಗಳಿಗೆ ವಾಪಸ್ ಬರೋಣ.

ಜಕಾರ್ತ ಗೇಮ್ಸ್‌ಗೆ ಇಂಡೋನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಬರಗೊಡಲಿಲ್ಲ. ಏಷ್ಯನ್ ಗೇಮ್ಸ್ ಹುಟ್ಟುಹಾಕಿದವರಲ್ಲಿ ಮುಖ್ಯರಾದ ಭಾರತದ ಜಿ.ಡಿ. ಸೋಂಧಿ, ಹಾಗಾದರೆ ಇದನ್ನು ಏಷ್ಯನ್ ಗೇಮ್ಸ್ ಅಂತ ಕರೆಯುವಂತಿಲ್ಲ ಅಂದರು. ಜಕಾರ್ತದ ಜನ ಸಿಟ್ಟಿಗೆದ್ದರು. ಭಾರತದ ರಾಯಭಾರ ಕಚೇರಿಗೆ ನುಗ್ಗಿದರು. ಬೀದಿಯಲ್ಲಿ ಭಾರತದ ಗುರುತು ತೋರಿಸಿಕೊಂಡು ಓಡಾಡೋದೇ ಕಷ್ಟವಾಯಿತು. ರಾಜತಾಂತ್ರಿಕರು ಆಡಿದ ಮಾತಿಗೆ ಬೈಗುಳ ತಿಂದವರು ಆಟಗಾರರು.

ಮೈದಾನದ ಒಳಗೂ ಗೋಳು ಕಡಿಮೆ ಇರಲಿಲ್ಲ. ಥಾಯ್ಲೆಂಡ್ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಗೋಲ್‌ಕೀಪರ್ ಪೀಟರ್ ತಂಗರಾಜ್‌ಗೆ ಜ್ವರ. ಇಲ್ಲಿ ರಹೀಮ್ ಮಾಡಿದ್ದು ನೋಡಿ. ತಲೆಗೆ ಹೊಲಿಗೆ ಹಾಕಿಸಿಕೊಂಡ ಜರ್ನೈಲ್ ಹಿಂದೆ ನಿಂತು ಮೊದಲಿನಂತೆ ಚೆಂಡು ತಡೆಯೋದು ಕಷ್ಟ. ಹಾಗಂತ ಅವರನ್ನು ಹೊರಗೆ ಕೂರಿಸಲಿಲ್ಲ. ಸೆಮಿಫೈನಲ್‌ನಲ್ಲಿ ಸೆಂಟರ್ ಫಾರ್ವರ್ಡ್ ಮಾಡಿ ಮುಂದೆ ಕಳಿಸಿದರು. ಜರ್ನೈಲ್ ಗೋಲು ಹೊಡೆದರು. ನಾಯಕ ಚುನ್ನಿ ಗೋಸ್ವಾಮಿ ಎರಡು ಹೊಡೆದರು.

ಫೈನಲ್‌ಗೆ ಲಕ್ಷದಷ್ಟು ಜನ ಸೇರಿದ್ದರು. ಭಾರತದ ಕಾಲಿಗೆ ಚೆಂಡು ಬಂದಾಗಲೆಲ್ಲ ಕೂಗಾಟ. ಆ ಜನಸಾಗರದಲ್ಲಿ ಭಾರತದ ಪರ ಚಪ್ಪಾಳೆ ಹೊಡೆದವರು ಪಾಕಿಸ್ತಾನದ ಹಾಕಿ ಆಟಗಾರರು. ಅವರು ಹಾಕಿ ಫೈನಲ್‌ನಲ್ಲಿ ಭಾರತವನ್ನೇ ಸೋಲಿಸಿ ಬಂದವರು. ಪದಕ ಪಟ್ಟಿಯಲ್ಲಿ ಈ ಎರಡು ದೇಶಗಳು ಬೇರೆ ಬೇರೆ ಸಾಲು, ಗ್ಯಾಲರಿಯಲ್ಲಿ ಆ ದಿನ ಒಂದೇ ಸಾಲು. 17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷಕ್ಕೆ ಜರ್ನೈಲ್. ಜ್ವರದಿಂದ ಎದ್ದ ತಂಗರಾಜ್ ಗೋಲು ಕಾಯ್ದರು. ಕೊರಿಯಾಕ್ಕೆ ದಕ್ಕಿದ್ದು ಕೊನೆಯ ಹೊತ್ತಿನ ಒಂದೇ ಗೋಲು.

ಅದಾಗಿ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು, ಶ್ವಾಸಕೋಶದ ಕ್ಯಾನ್ಸರ್‌ನಿಂದ ರಹೀಮ್ ತೀರಿಕೊಂಡರು. ಆಗ ಅವರಿಗೆ 53. ಭಾರತ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಮತ್ತೆ ಚಿನ್ನ ಗೆದ್ದಿಲ್ಲ. ರೋಮ್ ಬಳಿಕ ಒಲಿಂಪಿಕ್ಸ್ ಫುಟ್‌ಬಾಲ್‌ಗೆ ಅರ್ಹತೆಯನ್ನೂ ಪಡೆದಿಲ್ಲ. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು ಅವರು ಹೋಗಿ 22 ವರ್ಷದ ನಂತರ, 1985ರಲ್ಲಿ.

ಕಲಬುರಗಿಯ ಕೊಂಡಿ

ಮಗ ಹಕೀಮ್ ವಾಯುಪಡೆಯ ಅಧಿಕಾರಿಯಾದರು, ಫಿಫಾ ರೆಫರಿಯಾದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್ 22ರಂದು ತೀರಿಕೊಂಡರು. ಎಲ್ಲಿ? ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ. ನಕ್ಷೆ ಹರಿದು 65 ವರ್ಷ ಆಗಿತ್ತು. ಆದರೂ ಊರುಗಳ ನಡುವಿನ ಓಡಾಟ ಹರಿದಿರಲಿಲ್ಲ. ಇವತ್ತಿಗೂ ಹುಮನಾಬಾದಿನವರು ಕೆಲಸಕ್ಕೆ, ದವಾಖಾನೆಗೆ ಹೈದರಾಬಾದ್ ಬಸ್ಸು ಹತ್ತುತ್ತಾರೆ.

2019ರಲ್ಲಿ ನಮ್ಮ ಪ್ರದೇಶದ ಹೆಸರು ಹೈದರಾಬಾದ್ ಕರ್ನಾಟಕದಿಂದ ಕಲ್ಯಾಣ ಕರ್ನಾಟಕ ಆಯ್ತು. ಕಲ್ಯಾಣ ನಮ್ಮ ಬಸವಕಲ್ಯಾಣದ್ದೇ ಹೆಸರು, ಬಸವಣ್ಣನ ನೆಲದ ಹೆಸರು, ಬೇಡ ಅನ್ನೋರು ಯಾರು? ಆದರೆ ಹೆಸರಿನ ಜೊತೆ ರಹೀಮ್ ಅವರಂಥವರ ನೆನಪನ್ನೂ ಗಡಿ ಆಚೆ ಬಿಟ್ಟುಕೊಡಬೇಕಿಲ್ಲ. ನಿಜಾಮ ಮತ್ತು ರಜಾಕಾರರ ಕಥೆ ಮಾತ್ರ ಹೇಳಿದರೆ ಆ ರಾಜ್ಯದಲ್ಲಿ ಮಾಸ್ತರರೂ ಇದ್ದರು ಅನ್ನೋದು ಮರೆತೇ ಹೋಗುತ್ತೆ.

371ಜೆ ವಿಧಿಯಡಿ ನಮಗೆ ನೌಕರಿಯಲ್ಲಿ, ಶಿಕ್ಷಣದಲ್ಲಿ ಮೀಸಲಾತಿ ಇದೆ, ಅಭಿವೃದ್ಧಿ ಮಂಡಳಿ ಇದೆ. ಮುಂದಿನ ಸಲ ಪದಕ ಪಟ್ಟಿ ತೆರೆದಾಗ ಇನ್ನೊಂದು ಪಟ್ಟಿಯನ್ನೂ ಕೇಳಿ. ನಿಮ್ಮೂರಿನ ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಇದೆಯಾ? ಇದ್ದರೆ ಭರ್ತಿ ಆಗಿದೆಯಾ? ಆಟದ ಪೀರಿಯಡ್ಡಿನಲ್ಲಿ ಮಕ್ಕಳು ಮೈದಾನಕ್ಕೆ ಹೋಗ್ತಾರಾ, ಅಥವಾ ಗಣಿತದ ಮಾಸ್ತರ್ ಆ ಪೀರಿಯಡ್ಡನ್ನೂ ತಗೊಂಡಿದ್ದಾರಾ? ಗೊತ್ತಿಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಸೆಪ್ಟೆಂಬರ್ 4ರ ಆ 2-1 ಶುರುವಾದದ್ದು ಕಾಚಿಗುಡಾದ ಒಂದು ಶಾಲೆಯ ಅಂಗಳದಲ್ಲಿ, ಸಂಬಳಕ್ಕೆ ದುಡಿಯುತ್ತಿದ್ದ ಒಬ್ಬ ಮಾಸ್ತರರಿಂದ.